ಸುತ್ತಿದ ತಗಡಿನ ಅಂಚು ನೆಟ್ಟಗೇ ಉಳಿಯುವುದೇಕೆ?

ಪ್ರಶ್ನೆ: ಅಣ್ಣಾರೇ, ಮನೆ ಹಿಂದಿನ ಶೆಡ್ಡಿನಲ್ಲಿ ಜೋಳ ತುಂಬಲು ಡ್ರಮ್ ಮಾಡುತ್ತಿದ್ದೇನೆ. ತಗಡು 22 ಗೇಜಿನ ಜಿಂಕ್ ಶೀಟು. ನನ್ನ ಹತ್ತಿರ ಇರುವುದು ಮೂರು ರೋಲರಿನ ಕೈ ಮಷಿನ್: ಕೆಳಗೆ ಎರಡು, ಮೇಲೆ ಒಂದು. ಡ್ರಮ್ಮಿನ ಒಳವ್ಯಾಸ 500 ಮಿ.ಮೀ. ಬೇಕು. ಆದರೆ ಎರಡೂ ಅಂಚು ನೆಟ್ಟಗೇ ಉಳಿದು, ಕೂಡುವಲ್ಲಿ ಮೂಗಿನಂತೆ ಮುಂದೆ ಬರುತ್ತವೆ. ಒಂದು ಬಾಯಿ ದೊಡ್ಡದು, ಇನ್ನೊಂದು ಸಣ್ಣದು. ಏನು ಮಾಡಲಿ?
– ಓದುಗರು, ಬ್ಯಾಡಗಿ

ಉತ್ತರ: ಮಷಿನ್ ಕೆಟ್ಟಿಲ್ಲ, ಗಾಬರಿ ಬೇಡ. ಮೂರೂ ರೋಲರ್ ಒಟ್ಟಿಗೆ ಒತ್ತಿದಲ್ಲಿ ಮಾತ್ರ ತಗಡು ಬಾಗುತ್ತದೆ. ತುದಿಗೆ ಆ ಒತ್ತು ಸಿಗುವುದೇ ಇಲ್ಲ. ಕೆಳಗಿನ ಎರಡು ರೋಲರುಗಳ ನಡುವಿನ ಅಂತರದ ಹೆಚ್ಚು ಕಡಿಮೆ ಅರ್ಧದಷ್ಟು ಎರಡೂ ಕಡೆ ನೆಟ್ಟಗೇ ಉಳಿಯುತ್ತದೆ.

ಅದಕ್ಕೆ ಅಂಚನ್ನು ಮೊದಲೇ ಬಾಗಿಸಿಕೊಳ್ಳಬೇಕು. 500ಕ್ಕಿಂತ ಸಣ್ಣ ವ್ಯಾಸದ ಗಟ್ಟಿ ಪೈಪನ್ನು ಮೇಜಿಗೆ ಬಿಗಿಯಿರಿ. ಅಂಚನ್ನು ಅದರ ಮೇಲಿಟ್ಟು ಮರದ ಕೊಡತಿಯಿಂದ ಮೆಲ್ಲಗೆ ಬಡಿಯಿರಿ. ಪೈಪು ಸಣ್ಣದಿರಬೇಕು, ಯಾಕಂದರೆ ಕೈ ಬಿಟ್ಟೊಡನೆ ತಗಡು ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ರಟ್ಟಿನಲ್ಲಿ 250 ಮಿ.ಮೀ. ತ್ರಿಜ್ಯದ ಕಮಾನು ಕತ್ತರಿಸಿ ಇಟ್ಟುಕೊಳ್ಳಿ. ಅದನ್ನು ಅಂಚಿಗೆ ಹಿಡಿದರೆ ಸಂದು ಕಾಣಬಾರದು. ಆಮೇಲೆಯೇ ರೋಲರಿಗೆ ಹಾಕಿ.

ಉದ್ದದ ಲೆಕ್ಕದಲ್ಲಿ ದಪ್ಪವನ್ನೂ ಸೇರಿಸಿ. 22 ಗೇಜ್ ಅಂದರೆ ಸುಮಾರು 0.7 ಮಿ.ಮೀ. 500.7ನ್ನು 3.14ರಿಂದ ಗುಣಿಸಿದರೆ 1572 ಮಿ.ಮೀ. ಒಂದರ ಮೇಲೊಂದು ಕೂರಿಸಿ ರಿವೆಟ್ ಹೊಡೆಯಲು ಇನ್ನೊಂದು 25 ಸೇರಿಸಿ. ಕತ್ತರಿಸಿದ ಮೇಲೆ ಎರಡೂ ಕರ್ಣ ಅಳೆಯಿರಿ. ಅವು ಸಮ ಇಲ್ಲದಿದ್ದರೆ ಅಂಚುಗಳು ಸರಿಯಾಗಿ ಕೂಡುವುದೇ ಇಲ್ಲ.

ಬಾಯಿ ದೊಡ್ಡದಾದ ಕಡೆ ಮೇಲಿನ ರೋಲರ್ ಕಡಿಮೆ ಒತ್ತಿದೆ. ರೋಲರಿನ ಎರಡೂ ತುದಿಯಲ್ಲಿ ಅದೇ ತಗಡಿನ ತುಂಡು ಹಾಕಿ ನೋಡಿ, ಎರಡೂ ಒಂದೇ ಬಿಗಿಗೆ ಹಿಡಿಯುವವರೆಗೆ ಸ್ಕ್ರೂ ಸರಿಮಾಡಿ. ಪ್ರತಿ ಸುತ್ತಿಗೂ ಎರಡೂ ಸ್ಕ್ರೂವನ್ನು ಒಂದೇ ಸಮ, ಸ್ವಲ್ಪ ಸ್ವಲ್ಪವೇ ಇಳಿಸಿ. ಹುಬ್ಬಳ್ಳಿಯ ಗೋಕುಲ ರೋಡಿನ ಶೆಡ್ಡಿನಲ್ಲಿ ಕೆಲಸ ಕಲಿಯುವಾಗ ನಾನು ಅವಸರದಲ್ಲಿ ಒಮ್ಮೆಗೇ ಜಾಸ್ತಿ ಬಿಗಿದೆ. ಇಡೀ ಶೀಟು ಸಣ್ಣ ಸುರುಳಿಯಾಯಿತು. ಕಡಿಮೆ ಬಾಗಿದ್ದನ್ನು ಇನ್ನೊಮ್ಮೆ ಸುತ್ತಬಹುದು, ಹೆಚ್ಚಾದದ್ದನ್ನು ಬಿಡಿಸುವುದು ಬಹಳ ಕಷ್ಟ. ಆ ಶೀಟು ವ್ಯರ್ಥವಾದದ್ದು ಇವತ್ತಿಗೂ ಮನಸ್ಸಿನಲ್ಲಿದೆ.

ಕತ್ತರಿಸಿದ ಅಂಚಿಗೆ ಅರ ಹಾಕಿ, ಕೈಗವಸು ಹಾಕಿಕೊಳ್ಳಿ. ಮುಖ್ಯವಾಗಿ, ಜಿಂಕ್ ತಗಡಿಗೆ ವೆಲ್ಡಿಂಗ್ ಬೇಡ. ಆಗ ಏಳುವ ಸತುವಿನ (ಜಿಂಕ್) ಹೊಗೆ ಕುಡಿದರೆ ಕೆಲವು ಗಂಟೆಗಳಲ್ಲೇ ಚಳಿ ಜ್ವರ, ಕೆಮ್ಮು ಬರುತ್ತದೆ. ನಿಮ್ಮ ಡ್ರಮ್ಮಿಗೆ ರಿವೆಟ್ ಸಾಕು.