ಮೊಲದ ಕೂದಲಿನ ತುದಿಯಲ್ಲಿ ಹಿಮ

ಪ್ರಶ್ನೆ: ಹಿಮವನ್ನೇ ಜೀವನವಿಡೀ ಅಧ್ಯಯನ ಮಾಡಿದ ವಿಜ್ಞಾನಿಗಳು ಇದ್ದಾರೆಯೇ?
– ಓದುಗರೊಬ್ಬರು, ಶಿರಸಿ

ಉತ್ತರ: ಇದ್ದಾರೆ, ಜಪಾನಿನ ಉಕಿಚಿರೊ ನಕಾಯಾ (1900–1962) ಅವರ ಹೆಸರನ್ನು ನಾನು ಮೊದಲು ಹೇಳುತ್ತೇನೆ. ಲಂಡನ್ನಿನಲ್ಲಿ ಕ್ಷಕಿರಣಗಳನ್ನು ಅಭ್ಯಸಿಸಿ 1930ರಲ್ಲಿ ಹೊಕ್ಕೈಡೊ ವಿಶ್ವವಿದ್ಯಾಲಯಕ್ಕೆ ಬಂದ ಅವರು, ಅಲ್ಲಿ ಯಥೇಚ್ಛವಾಗಿ ಬೀಳುತ್ತಿದ್ದ ಹಿಮವನ್ನೇ ಸಂಶೋಧನೆಯ ವಸ್ತುವಾಗಿ ಆರಿಸಿಕೊಂಡು, ಸುಮಾರು 3,000 ಹರಳುಗಳ ಛಾಯಾಚಿತ್ರಗಳನ್ನು ತೆಗೆದು ವಿಂಗಡಿಸಿದರು. ಪ್ರಯೋಗಾಲಯದಲ್ಲಿ ಹರಳು ಬೆಳೆಸುವುದು ಮಾತ್ರ ಸುಲಭವಾಗಲಿಲ್ಲ. ನೂಲಿನ ಎಳೆಯ ಮೇಲೆ ಹರಳುಗಳು ಒತ್ತೊತ್ತಾಗಿ ಮುತ್ತಿಕೊಳ್ಳುತ್ತಿದ್ದವು. ಕೊನೆಗೆ 1936ರಲ್ಲಿ, ಶೀತಲ ಕೊಠಡಿಯೊಳಗೆ, ಮೊಲದ ಕೂದಲೊಂದರ ತುದಿಯಲ್ಲಿ ಮೊದಲ ಕೃತಕ ಹಿಮದ ಹರಳು ಬಿಡಿಯಾಗಿ ಅರಳಿತು. ಎಷ್ಟು ತಾಳ್ಮೆಯ ಕೆಲಸ! ಉಷ್ಣತೆ ಮತ್ತು ತೇವಾಂಶಗಳೇ ಹರಳಿನ ಆಕಾರವನ್ನು ನಿರ್ಧರಿಸುತ್ತವೆ, ಮೈನಸ್ 5 ಡಿಗ್ರಿಯ ಆಸುಪಾಸಿನಲ್ಲಿ ಸೂಜಿಗಳೂ ಮೈನಸ್ 15ರ ಸುಮಾರಿಗೆ ನಕ್ಷತ್ರಗಳೂ ಮೂಡುತ್ತವೆ ಎಂಬುದನ್ನು ಅವರ ನಕ್ಷೆ ತೋರಿಸಿತು.