ಹನ್ನೊಂದು ಸಲ ಹೊಡೆದುಹಾಕಿದ ಶೀರ್ಷಿಕೆ

ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಆಕೆ ಸಮಾಜಶಾಸ್ತ್ರದಲ್ಲಿ ಪಿಎಚ್.ಡಿ.ಗೆ ಸೇರಿ ಒಂದು ವರ್ಷ ದಾಟಿತ್ತು. ನನ್ನ ಹತ್ತಿರ ಬಂದಿದ್ದು ನಿದ್ದೆ ಬರ್ತಿಲ್ಲ ಅಂತ. ಗೈಡ್ ಫೋನ್ ಮಾಡಿದರೆ ಎದೆ ಡವಡವ. ಊರಲ್ಲಿ ಎಲ್ಲರೂ 'ಎಲ್ಲಿಗೆ ಬಂತಮ್ಮ ಪಿಎಚ್.ಡಿ.?' ಅಂತ ಕೇಳ್ತಾರೆ ಅಂತ ಹಬ್ಬಕ್ಕೂ ಹೋಗಿರಲಿಲ್ಲ. "ನಂಗೆ ತಲೆ ಇಲ್ಲ ಮೇಡಂ" ಎಂದರು.

ನೋಟ್‌ಬುಕ್ ತೋರಿಸಿದರು. 'ಕರ್ನಾಟಕದಲ್ಲಿ ಸೌರಶಕ್ತಿಯ ಸಾಮಾಜಿಕ ಪರಿಣಾಮಗಳು: ಒಂದು ಅಧ್ಯಯನ'. ಅದನ್ನು ಹೊಡೆದು, ಕೆಳಗೆ 'ಗ್ರಾಮೀಣ ಅಭಿವೃದ್ಧಿಯಲ್ಲಿ ಸೌರಶಕ್ತಿಯ ಪಾತ್ರ: ಒಂದು ಅಧ್ಯಯನ'. ಎಣಿಸಿದೆ, ಹನ್ನೊಂದು ಇದ್ದವು. ಗೀಚಿದ ರಭಸಕ್ಕೆ ಹಾಳೆ ಒಂದು ಕಡೆ ಹರಿದಿತ್ತು. ಹನ್ನೊಂದರಲ್ಲೂ ವಿಷಯ ಇತ್ತು, ಪ್ರಶ್ನೆ ಇರಲಿಲ್ಲ.

ಸೌರಶಕ್ತಿಯೇ ಯಾಕೆ ಅಂತ ಕೇಳಿದೆ. ಅಮ್ಮನ ತವರು ಪಾವಗಡದ ಕಡೆ. ಅಲ್ಲಿ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆ. ರೈತರು ಜಮೀನು ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿದ್ದು. "ಮಾವನಿಗೆ ಬಾಡಿಗೆ ಬರುತ್ತೆ. ಪಕ್ಕದ ಮನೆಯವರಿಗೆ ಜಮೀನೇ ಇರಲಿಲ್ಲ, ಬೀಳು ಹೊಲದಲ್ಲಿ ಕುರಿ ಮೇಯಿಸ್ತಿದ್ರು. ಸುತ್ತ ಬೇಲಿ ಬಂತು, ಕುರಿ ಮಾರಿದ್ರು." ಅಷ್ಟು ಹೊತ್ತು ತಡವರಿಸುತ್ತಿದ್ದವರು ಇದನ್ನು ಒಂದೇ ಉಸಿರಿಗೆ ಹೇಳಿದರು.

"ಗೈಡ್‌ಗೆ ಹೇಳಿದ್ದೀರಾ?"

"ಇದೆಲ್ಲ ಮನೆ ಮಾತು ಮೇಡಂ. ರಿಸರ್ಚ್ ಅಲ್ವಲ್ಲ."

ಗಂಟು ಇದ್ದಿದ್ದು ಇಲ್ಲೇ. ತಾನು ಕಣ್ಣಾರೆ ಕಂಡಿದ್ದು ಸಂಶೋಧನೆಗೆ ಸಾಲದು ಅಂತ ಆಕೆ ನಂಬಿದ್ದರು. ಹಳ್ಳಿಯಿಂದ ಬಂದ ಎಷ್ಟೋ ಮಕ್ಕಳಲ್ಲಿ ಇದನ್ನು ನೋಡಿದ್ದೇನೆ, ಪ್ರತಿ ಸಲ ಸಂಕಟವಾಗುತ್ತದೆ.

ಎರಡು ವಾರ ಶೀರ್ಷಿಕೆ ಮುಟ್ಟಬೇಡಿ ಅಂದೆ. ಬದಲಿಗೆ ಪ್ರಶ್ನಾರ್ಥಕ ಚಿಹ್ನೆ ಇರುವ ಒಂದೇ ವಾಕ್ಯ ಬರೆಯಿರಿ: ಯಾರು, ಯಾವ ಊರು, ಯಾವ ವರ್ಷದಿಂದ ಯಾವ ವರ್ಷಕ್ಕೆ. ಕೆಳಗೆ ಇನ್ನೊಂದು ಸಾಲು: ಏನು ಸಿಕ್ಕರೆ ನನ್ನ ಊಹೆ ತಪ್ಪಾಗುತ್ತದೆ? ಪಾರ್ಕ್ ಬಂದಿದ್ದರಿಂದಲೇ ಕುರಿ ಕಡಿಮೆಯಾದವು ಅನ್ನೋದು ಆಕೆಯ ಊಹೆ. ಆದರೆ ಅದು ಬರದ ಸೀಮೆ. ಮಳೆ ಕೈಕೊಟ್ಟರೂ ಕುರಿ ಮಾರುತ್ತಾರೆ, ಅಲ್ವಾ? ಹಾಗಾಗಿ ಅಂಥದ್ದೇ ಮಳೆ, ಮಣ್ಣು ಇರುವ, ಬೇಲಿಯಾಚೆಯ ಇನ್ನೊಂದು ಊರನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಪಾರ್ಕ್ ಬರುವ ಮೊದಲು 2012ರಲ್ಲಿ ಜಾನುವಾರು ಗಣತಿ ಆಗಿದೆ, ಬಂದ ಮೇಲೆ 2019ರಲ್ಲಿ ಆಗಿದೆ. ಊರುವಾರು ಲೆಕ್ಕ ಸಿಗುತ್ತದಾ ಅಂತ ಮೊದಲು ವಿಚಾರಿಸಿ. ಸಿಗದಿದ್ದರೆ ಪ್ರಶ್ನೆ ಬದಲಿಸಿ. ಮಾವನ ಮನೆಯನ್ನು ಸಮೀಕ್ಷೆಯಿಂದ ಹೊರಗಿಡಿ, ನಂಟಿನ ವಿಷಯ ಗೈಡ್‌ಗೆ ಮೊದಲೇ ತಿಳಿಸಿ. ಫೋನ್ ಕಷ್ಟವಾದರೆ ಒಂದು ಪುಟ ಬರೆದು ಕಳಿಸಿ. ಮೂರು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ವೈದ್ಯರನ್ನು ನೋಡಲೇಬೇಕು ಅಂತಲೂ ಹೇಳಿದೆ.

ಮೂರನೇ ಭೇಟಿಗೆ ಆ ಪುಟವನ್ನೇ ತಂದರು. 'ಪಾರ್ಕಿಗೆ ಜಮೀನು ಹೋದ ಊರಲ್ಲಿ, 2012ರಿಂದ 2019ರೊಳಗೆ, ಸ್ವಂತ ಜಮೀನಿಲ್ಲದ ಕುರಿಗಾರರು ಮೇವಿಗೆ ಎಲ್ಲಿಗೆ ಹೋದರು?' ಗೈಡ್ 'ಎಲ್ಲಿಗೆ' ಪದಕ್ಕೆ ಕೆಂಪು ಸುತ್ತು ಹಾಕಿ, ಪಕ್ಕದಲ್ಲಿ ಬರೆದಿದ್ದರು: 'ಊರು ಬಿಟ್ಟವರನ್ನು ಹೇಗೆ ಹುಡುಕುತ್ತೀಯ?'

"ಗೊತ್ತಿಲ್ಲ ಮೇಡಂ. ಪಕ್ಕದ ಮನೆ ಅಜ್ಜಿಯನ್ನೇ ಮೊದಲು ಕೇಳ್ತೀನಿ. ಶನಿವಾರ ಊರಿಗೆ ಹೋಗ್ತಿದ್ದೀನಿ."