‘ಸಂಬಳದಲ್ಲೇ ಎಲ್ಲಾ ಸೇರಿದೆ’ ಅಂದರೆ ಓಟಿ ಕೊಟ್ಟಂತಾಗುವುದಿಲ್ಲ

ಪ್ರಶ್ನೆ: ಸರ್, ನನ್ನೂರು ಕುಂದಾಪುರದ ಹತ್ತಿರ. ಎರಡು ವರ್ಷದಿಂದ ಶಾರ್ಜಾದ ಒಂದು ಸೂಪರ್‌ಮಾರ್ಕೆಟ್‌ನಲ್ಲಿದ್ದೇನೆ. ಬೆಳಿಗ್ಗೆ 9ರಿಂದ 1, ಆಮೇಲೆ 4ರಿಂದ ರಾತ್ರಿ 12, ದಿನಾ ಬ್ರೇಕ್ ಡ್ಯೂಟಿ. ಸಂಬಳ 2,000 ದಿರ್ಹಮ್, ಅದರಲ್ಲಿ ಬೇಸಿಕ್ (ಮೂಲ ವೇತನ) 1,200. ತಿಂಗಳಿಗೆ ಒಂದೇ ರಜೆ. ಓಟಿ (ಓವರ್‌ಟೈಮ್ ದುಡ್ಡು) ಕೇಳಿದರೆ ‘ಸಂಬಳದಲ್ಲೇ ಎಲ್ಲಾ ಸೇರಿದೆ’ ಅನ್ನುತ್ತಾರೆ. ಕಂಪ್ಲೇಂಟ್ ಕೊಟ್ಟರೆ ಕೆಲಸ ಹೋಗುತ್ತದಾ?

ಉತ್ತರ: ನೀವು ದಿನಕ್ಕೆ 12 ಗಂಟೆ ದುಡಿಯುತ್ತಿದ್ದೀರಿ. ಯುಎಇಯಲ್ಲಿ 2022ರ ಫೆಬ್ರುವರಿ 2ರಿಂದ ಜಾರಿಯಲ್ಲಿರುವ ಕಾರ್ಮಿಕ ಕಾನೂನಿನ ಪ್ರಕಾರ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ಓಟಿ ಸಾಮಾನ್ಯವಾಗಿ ದಿನಕ್ಕೆ ಎರಡು ಗಂಟೆ ಮೀರುವಂತಿಲ್ಲ, ಎಲ್ಲಾ ಸೇರಿ ಮೂರು ವಾರಕ್ಕೆ 144 ಗಂಟೆ ದಾಟುವಂತಿಲ್ಲ. ನಿಮ್ಮದು ವಾರಕ್ಕೆ ಆರೇ ದಿನ ಎಂದಿಟ್ಟುಕೊಂಡರೂ 216 ಆಗುತ್ತದೆ. ಮಿತಿ ಮೀರಿ ದುಡಿಸಿಕೊಂಡದ್ದು ಮಾಲೀಕರ ತಪ್ಪು. ಆ ಗಂಟೆಗಳ ದುಡ್ಡು ಅದರಿಂದ ಮನ್ನಾ ಆಗುವುದಿಲ್ಲ.

ಈಗ ಲೆಕ್ಕ. ಓಟಿ ಹಾಕುವುದು ಬೇಸಿಕ್ ಮೇಲೆ, ಪೂರ್ತಿ ಸಂಬಳದ ಮೇಲಲ್ಲ. ನಮ್ಮ ಹುಡುಗರು ಎಡವುವುದು ಇಲ್ಲೇ. 1,200ನ್ನು 12ರಿಂದ ಗುಣಿಸಿ, 365ರಿಂದ ಭಾಗಿಸಿ, ಮತ್ತೆ 8ರಿಂದ ಭಾಗಿಸಿದರೆ ಗಂಟೆಗೆ 4.93 ದಿರ್ಹಮ್. ಓಟಿಗೆ ಅದರ ಮೇಲೆ ಶೇ 25 ಸೇರಿಸಿ 6.16. ರಾತ್ರಿ 10ರಿಂದ ಬೆಳಗಿನ ಜಾವ 4ರ ನಡುವಿನ ಓಟಿಗೆ ಶೇ 50 ಸೇರಿಸಿ 7.40; ಪಾಳಿ ಪ್ರಕಾರ ದುಡಿಯುವವರಿಗೆ ಮಾತ್ರ ಈ ರಾತ್ರಿ ದರ ಇಲ್ಲ. ನಿಮ್ಮ 8 ಗಂಟೆ ಮುಗಿಯುವುದು ರಾತ್ರಿ 8ಕ್ಕೆ. ಅಲ್ಲಿಂದ 12ರವರೆಗೆ ದಿನಕ್ಕೆ ಸುಮಾರು 27 ದಿರ್ಹಮ್, ವಾರದ ರಜೆ ಬಿಟ್ಟು 26 ದಿನಕ್ಕೆ ಹೆಚ್ಚುಕಡಿಮೆ 705. ತಿಂಗಳ ಸಂಬಳದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ನಿಮ್ಮ ಕೈ ಸೇರದೆ ಹೋಗುತ್ತಿದೆ.

ಒಂದು ಎಚ್ಚರಿಕೆ. ಊರಲ್ಲಿ ಏಜೆಂಟ್ ತೋರಿಸಿದ ಕಾಗದ ನಂಬಿಕೊಂಡು ಕೂರಬೇಡಿ. ಮೊಹ್ರೆ (ಯುಎಇಯ ಕಾರ್ಮಿಕ ಸಚಿವಾಲಯ) ಆ್ಯಪ್‌ನಲ್ಲಿ ನಿಮ್ಮ ಲೇಬರ್ ಕಾಂಟ್ರಾಕ್ಟ್ ತೆಗೆದು ಬೇಸಿಕ್ ಎಷ್ಟು ಬರೆದಿದೆ ನೋಡಿ. ಅಲ್ಲಿ 800 ಎಂದಿದ್ದರೆ ಇದೇ ದುಡಿಮೆಗೆ ಬರುವ ಓಟಿ ಸುಮಾರು 470ಕ್ಕೆ ಇಳಿಯುತ್ತದೆ. ಹೊಸದಾಗಿ ಗಲ್ಫ್‌ಗೆ ಹೊರಟವರು ಸಹಿ ಹಾಕುವ ಮೊದಲು ಈ ಒಂದು ಸಾಲನ್ನು ಎರಡೆರಡು ಸಲ ಓದಲೇಬೇಕು.

ವಾರಕ್ಕೊಂದು ರಜೆ, ಅದೂ ಸಂಬಳ ಸಹಿತ, ನಿಮ್ಮ ಹಕ್ಕು. ಶುಕ್ರವಾರವೇ ಆಗಬೇಕೆಂದಿಲ್ಲ. ಆ ದಿನ ಕರೆದರೆ ಬದಲಿ ರಜೆ ಕೊಡಬೇಕು, ಇಲ್ಲವೇ ಆ ದಿನದ ಸಂಬಳದ ಜೊತೆಗೆ ದಿನದ ಬೇಸಿಕ್‌ನ ಶೇ 50 ಹೆಚ್ಚುವರಿ ಕೊಡಬೇಕು. ದಿನಗೂಲಿಯವರನ್ನು ಬಿಟ್ಟರೆ ಸತತ ಎರಡು ವಾರಕ್ಕಿಂತ ಹೆಚ್ಚು ರಜೆ ತಪ್ಪಿಸುವಂತಿಲ್ಲ.

ಪುರಾವೆ ಇಲ್ಲದೆ ಹೋಗಬೇಡಿ. ಇವತ್ತಿನಿಂದಲೇ ಒಂದು ಸಣ್ಣ ಪುಸ್ತಕದಲ್ಲಿ ತಾರೀಕು, ಬಂದ ಹೊತ್ತು, ಬಿಟ್ಟ ಹೊತ್ತು ಬರೆದಿಡಿ. ಗೋಡೆಗೆ ಅಂಟಿಸಿದ ಡ್ಯೂಟಿ ಚಾರ್ಟಿನ ಫೋಟೊ, ‘ಇವತ್ತೂ ಬಾ’ ಎಂದು ಮ್ಯಾನೇಜರ್ ಕಳಿಸಿದ ವಾಟ್ಸ್ಆ್ಯಪ್, ಸಂಬಳ ಜಮೆಯಾದ ಬ್ಯಾಂಕ್ ಮೆಸೇಜ್ ಯಾವುದನ್ನೂ ಅಳಿಸಬೇಡಿ. ಸಿಟ್ಟಿನಲ್ಲಿ ರೂಮಿನಲ್ಲೇ ಕೂತುಬಿಡಬೇಡಿ. ಸರಿಯಾದ ಕಾರಣವಿಲ್ಲದೆ ಏಳು ದಿನಕ್ಕಿಂತ ಹೆಚ್ಚು ಸತತವಾಗಿ ಗೈರಾದರೆ ನೋಟಿಸ್ ಇಲ್ಲದೆ ತೆಗೆಯಲು ಅವರಿಗೆ ದಾರಿ ಸಿಗುತ್ತದೆ.

ಕಂಪ್ಲೇಂಟ್‌ನ್ನು ಮೊಹ್ರೆ ಆ್ಯಪ್‌ನಲ್ಲೇ ಕೊಡಬಹುದು. ಮೊದಲು ಇಬ್ಬರನ್ನೂ ಕರೆದು ರಾಜಿ ಮಾಡಿಸಲು ನೋಡುತ್ತಾರೆ. ಆಗದಿದ್ದರೆ, 50,000 ದಿರ್ಹಮ್‌ವರೆಗಿನ ಕ್ಲೇಮನ್ನು 2024ರಿಂದ ಸಚಿವಾಲಯವೇ ತೀರ್ಮಾನಿಸಬಹುದು. ಇನ್ನು ನಿಮ್ಮ ಕೊನೆಯ ಪ್ರಶ್ನೆ. ತೆಗೆಯುವುದೇ ಇಲ್ಲ ಎಂದು ನಾನು ಮಾತು ಕೊಡಲಾರೆ. ಆದರೆ ದೂರು ಕೊಟ್ಟ ಕಾರಣಕ್ಕೆ ತೆಗೆದರೆ, ಮತ್ತು ಆ ದೂರು ನಿಜವೆಂದು ಸಾಬೀತಾದರೆ, ಅದು ಕಾನೂನುಬಾಹಿರ. ಮೂರು ತಿಂಗಳ ಸಂಬಳದವರೆಗೆ ಪರಿಹಾರ ಕೊಡಿಸಲು ಕೋರ್ಟಿಗೆ ಅಧಿಕಾರವಿದೆ. ಪಾಸ್‌ಪೋರ್ಟ್ ಅವರ ಹತ್ತಿರ ಇದ್ದರೆ ಅದನ್ನೂ ದೂರಿನಲ್ಲಿ ಬರೆಯಿರಿ, ಇಟ್ಟುಕೊಳ್ಳುವ ಹಕ್ಕು ಮಾಲೀಕರಿಗಿಲ್ಲ.